ನೀರಡಿಕೆಯನ್ನು ನುಂಗಬೇಡಿರಿ



ಅಮರಕೋಶವು ನೀರಿಗೆ ಹೇಳಿರುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಬಾಲ್ಯದಲ್ಲಿ ನಾವು ಅದನ್ನು ಕಂಠಪಾಠ ಮಾಡಿದ್ದೆವು. ಅದರ ಅರ್ಥ ಮನಸ್ಸಿಗೆ ಇಳಿದದ್ದು ಹೋದ ಬೇಸಿಗೆಯಲ್ಲಿ. ವರದೆಯ ದಂಡೆಯ ಈ ಹೊಸರಿತ್ತಿಯಲ್ಲಿಯೇ, ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ದರ್ಶನಕ್ಕೆ ಬಂದ ತಾಯಿಯೊಬ್ಬಳು ಕಣ್ಣುಕತ್ತಲೆ ಬಂದು ಮಠದ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾಲಗೆ ಒಣಗಿತ್ತು. ನೀರು ಕುಡಿಯಲಿಲ್ಲವೇನಮ್ಮಾ ಎಂದು ಕೇಳಿದರೆ ತಲೆ ತಗ್ಗಿಸಿದಳು. ಜೊತೆಗಿದ್ದ ಮುದುಕಿ ಹೇಳಿದಳು: “ಕುಡದರ ಹೊರಗ ಹೋಗಬೇಕಾಗತೈತ್ರಿ ಅಜ್ಜಾರ, ಅಲ್ಲಿ ಮರಿ ಎಲ್ಲೈತ್ರಿ?”

ನಾವು ನಿರುತ್ತರರಾದೆವು.

ಮೂತ್ರವು ಕಡುಹಳದಿಯಾಗಿ ಸ್ವಲ್ಪವೇ ಹೋದರೆ, ಎದ್ದಾಗ ತಲೆ ತಿರುಗಿದರೆ, ದೇಹದಲ್ಲಿ ನೀರು ಕಡಿಮೆಯಾಗಿದೆಯೆಂದು ತಿಳಿಯಿರಿ. ವೃದ್ಧರಿಗೆ ನೀರಡಿಕೆಯೇ ಸರಿಯಾಗಿ ತೋರದು. ಕೇಳುವ ಮೊದಲೇ ಕೊಡಿರಿ. ಭೇದಿಯಾದ ಕೂಸಿಗೆ ನೀರು ನಿಲ್ಲಿಸುವುದು ದೊಡ್ಡ ತಪ್ಪು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿರಿ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ ಮಹಾಲನಬಿಸ್ ಅವರು ಇಂಥ ನೀರಿನಿಂದಲೇ ಅಸಂಖ್ಯ ಜೀವ ಉಳಿಸಿದರು. ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದರೆ, ಎಚ್ಚರ ತಪ್ಪಿದರೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಿಭೂತಿಗಾಗಿ ಮೊದಲು ಮಠಕ್ಕೆ ತರಬೇಡಿರಿ.

ಇನ್ನು, ಕೂಲಿಗೆ ಕರೆಯುವ ಭಕ್ತರಿಗೆ ಒಂದು ಮಾತು. ಅರವಟ್ಟಿಗೆ ಇಟ್ಟು ಹೆಸರು ಬರೆಸುವ ಮೊದಲು, ದುಡಿಯುವ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿರಿ. ಎಷ್ಟು ಕಡೆ ಆಯಿತೆಂದು ಬರುವ ಅಮಾವಾಸ್ಯೆಗೆ ನಾವು ಕೇಳುತ್ತೇವೆ.