ಸೆರೆಮನೆಯಿಂದ ಮರಳಿದವನಿಗೆ ನಮ್ಮ ಬಾಗಿಲು

(ಚೆನ್ನೈನ ಎಗ್ಮೋರ್‌ನಲ್ಲಿ ಕನ್ನಡ ಜೈನ ಶ್ರಾವಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸೇರಿರುವ ಈ ಎಗ್ಮೋರ್‌ನಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯವಿದೆ, ರಾಜ್ಯ ಕಾರಾಗೃಹ ಇಲಾಖೆಯ ಕಚೇರಿಯಿದೆ, ಪ್ಯಾಂಥಿಯನ್ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ನಮ್ಮ ತೀರ್ಥಂಕರರ ಶಿಲಾಬಿಂಬಗಳೂ ಇವೆ. ಬಿಂಬಗಳನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುತ್ತೇವೆ. ಪುಳಲ್ ಸೆರೆಮನೆಯಿಂದ ಕೈದಿಗಳನ್ನು ಕರೆತಂದ ವಾಹನ ನ್ಯಾಯಾಲಯದ ಮುಂದೆ ನಿಂತಿದ್ದರೆ ಅದೇ ಮಕ್ಕಳ ಕೈಹಿಡಿದು ಬೇಗ ಬೇಗ ದಾಟಿಸುತ್ತೇವೆ.

ಆ ವಾಹನದಲ್ಲಿ ಕುಳಿತವರು ಯಾರು? 2022ರ ಅಂತ್ಯಕ್ಕೆ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ಸರ್ಕಾರವೇ ಪ್ರಕಟಿಸಿದ ಲೆಕ್ಕ. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಆದರೆ ಜಾಮೀನಿನ ಮೇಲೆ ಹೊರಬಂದವನನ್ನೂ ಖುಲಾಸೆಯಾದವನನ್ನೂ ಶಿಕ್ಷೆ ಮುಗಿಸಿದವನನ್ನೂ ಬೀದಿ ಒಂದೇ ಹೆಸರಿನಿಂದ ಕರೆಯುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಾವೆಲ್ಲ ಬಾಲ್ಯದಲ್ಲೇ ಬಾಯಿಪಾಠ ಮಾಡಿದವರು. ಆರನೆಯದು ಸ್ಥಿತೀಕರಣ: ದಾರಿಯಿಂದ ಜಾರುತ್ತಿರುವವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು. ಸಮಂತಭದ್ರಾಚಾರ್ಯರು ಇದಕ್ಕೆ ಹೆಸರಿಸಿದ್ದು ವಾರಿಷೇಣನನ್ನು. ಪುಷ್ಪಡಾಲನನ್ನು ಮುನಿಮಾರ್ಗದಲ್ಲಿ ಉಳಿಸಿದ ಕಥೆಯನ್ನಷ್ಟೇ ನಾವು ಹೇಳಿಕೊಳ್ಳುತ್ತೇವೆ. ಅದಕ್ಕೂ ಹಿಂದಿನ ಕಥೆಯನ್ನು ನೆನೆಯಿರಿ. ಕಾಯೋತ್ಸರ್ಗದಲ್ಲಿ ನಿಂತಿದ್ದ ಆ ರಾಜಕುಮಾರನ ಮುಂದೆ ಕಳ್ಳನು ಕದ್ದ ಹಾರವನ್ನು ಎಸೆದು ಹೋದ. ಮಗನೇ ಕಳ್ಳನೆಂದು ನಂಬಿ ಶ್ರೇಣಿಕ ಮಹಾರಾಜ ವಧೆಗೆ ಆಜ್ಞಾಪಿಸಿದ. ಸುಳ್ಳು ಆರೋಪವನ್ನು ಹೊತ್ತು ನಿಂತವನೇ ಮುಂದೆ ಜಾರುವವರಿಗೆ ಆಸರೆಯಾದ. ನಮ್ಮ ಪುರಾಣಗಳು ಕಳ್ಳನನ್ನೂ ಕೈಬಿಟ್ಟಿಲ್ಲ. ಅಂಜನಚೋರ ಮುನಿಯಾದ, ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಕೈಬಿಟ್ಟವರು ನಾವು.

ನನ್ನದೇ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮವರೇ ಒಬ್ಬರು ವ್ಯಾಪಾರದಲ್ಲಿ ಸೋತು, ಚೆಕ್ ಮರಳಿದ ಮೊಕದ್ದಮೆಯಲ್ಲಿ ಶಿಕ್ಷೆ ಅನುಭವಿಸಿ ಬಂದರು. ಮರುವಾರವೇ ಬಸದಿಗೆ ಬಂದು ಅಭಿಷೇಕಕ್ಕೆ ಕಲಶ ಹಿಡಿಯಲು ನಿಂತಾಗ ಆಡಳಿತ ಸಮಿತಿಯ ಹಿರಿಯರೊಬ್ಬರು ‘ಸ್ವಲ್ಪ ದಿನ ಹೋಗಲಿ’ ಎಂದರು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವರ ಮಗಳ ಸಂಬಂಧದ ಮಾತುಕತೆ ಎರಡು ಸಲ ಮುರಿದುದನ್ನು ಆಮೇಲೆ ಕೇಳಿದೆ. ದೋಷವನ್ನು ಮುಚ್ಚಿ ಮನುಷ್ಯನನ್ನು ಉಳಿಸಿಕೊಳ್ಳಬೇಕಾದ ಉಪಗೂಹನವು ನಮ್ಮ ಕೈಯಲ್ಲಿ ಸಮಾಜದ ಹೆಸರಿಗಾಗಿ ಮನುಷ್ಯನನ್ನೇ ಮುಚ್ಚಿಡುವುದಾಗಿದೆ.

ಬಡ ಕೈದಿಗಳ ದಂಡ, ಜಾಮೀನುಗಳ ಹಣ ಭರಿಸಲು ಕೇಂದ್ರ ಸರ್ಕಾರ 2023ರಲ್ಲಿ ಯೋಜನೆ ತಂದಿತು. ಅದು ಸೆರೆಮನೆಯ ಬಾಗಿಲಿನವರೆಗಿನ ನೆರವು. ಅಲ್ಲಿಂದಾಚೆಗೆ ಆ ರಾತ್ರಿಯ ಊಟ, ಬಾಡಿಗೆಗೆ ಕೋಣೆ, ಕಳೆದುಹೋದ ಆಧಾರ್ ಮತ್ತು ಪಡಿತರ ಚೀಟಿ, ಕೆಲಸ. ಕೇರಳದಲ್ಲಿ 1980ರ ದಶಕದಲ್ಲಿ ಆರಂಭವಾದ ಕ್ರೈಸ್ತರ ‘ಪ್ರಿಸನ್ ಮಿನಿಸ್ಟ್ರಿ’ ಬಿಡುಗಡೆಯಾದವರಿಗಾಗಿ ಮನೆಗಳನ್ನೇ ನಡೆಸುತ್ತಿದೆ. ಕಲಿಯಲು ಸಂಕೋಚವೇಕೆ? ಗೋವುಗಳನ್ನು ಬಿಡಿಸಿ ತಂದು ಸಾಕಲು ನಾವು ಕೊಡುವ ಹಣಕ್ಕೆ ಲೆಕ್ಕವಿಲ್ಲ; ಅದನ್ನು ಕಡಿಮೆ ಮಾಡಿರೆಂದು ನಾನು ಹೇಳುವುದಿಲ್ಲ. ಅಭಯದಾನದ ಪಟ್ಟಿಯಲ್ಲಿ ಮನುಷ್ಯನೂ ಇರಲಿ ಎನ್ನುತ್ತೇನೆ.

ನಿಮ್ಮ ಅಂಗಡಿಗಳಲ್ಲಿ ಲೆಕ್ಕ ಬರೆಯುವ, ಸರಕು ಕಟ್ಟುವ ಕೆಲಸವಿದೆ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಮೊದಲ ದಿನವೇ ಕೊಡಬೇಕಿಲ್ಲ. ಅವನ ಜಾತಿ, ಮತ ಕೇಳಬೇಡಿ. ಏನು ತಿನ್ನುತ್ತಾನೆಂದು ವಿಚಾರಿಸುವ ಮೊದಲು ತಿಂದಿದ್ದಾನೆಯೇ ಎಂದು ವಿಚಾರಿಸಿ. ಊಟಕ್ಕೆ ಪ್ರತಿಯಾಗಿ ಣಮೋಕಾರ ಹೇಳಿಸುವುದು ದಾನವಲ್ಲ, ವ್ಯಾಪಾರ. ಇನ್ನೊಂದು ಮಾತು. ಹಿಂಸೆಗೆ ಗುರಿಯಾದ ಹೆಣ್ಣುಮಗಳಿಗೆ, ಹಣ ಕಳೆದುಕೊಂಡ ಕುಟುಂಬಕ್ಕೆ ‘ಕ್ಷಮಿಸಿಬಿಡಿ’ ಎಂದು ಉಪದೇಶಿಸುವ ಅಧಿಕಾರ ನಮಗಿಲ್ಲ. ಅಂಥವರ ಮನೆಗೆ ನಾವು ಮೊದಲು ಹೋಗಬೇಕು, ನೆರವಾಗಬೇಕು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ನಾವು ಪರಸ್ಪರ ಕೈಮುಗಿದು ಕ್ಷಮೆ ಕೇಳುತ್ತೇವೆ, ಬಹುಮಟ್ಟಿಗೆ ತಪ್ಪೇ ಮಾಡಿರದವರಲ್ಲಿ. ಈ ಸಲ ನಾನು ಕಲಶ ಹಿಡಿಯಲಾಗದೆ ಹಿಂದಿರುಗಿದ ಆ ಹಿರಿಯರ ಮನೆಗೆ ಹೋಗುತ್ತಿದ್ದೇನೆ. ಸಮಿತಿಯವರಲ್ಲಿ ಒಬ್ಬರಾದರೂ ಜೊತೆಗೆ ಬಂದರೆ, ಮರುದಿನದ ಅಭಿಷೇಕಕ್ಕೆ ಅವರನ್ನು ಅಲ್ಲಿಯೇ ಆಹ್ವಾನಿಸಬಹುದು.