ಪೆಟ್ಟಿಗೆಯಲ್ಲಿದ್ದ ಮೂರು ಪೊಟ್ಟಣ



‘ಪರದೇಶದಲ್ಲಿ ಅಲ್ಲಿನವರ ಊಟ, ಆಚಾರ, ಸಂಸ್ಕೃತಿ’ ಎಂಬ ವಿಷಯವನ್ನು ಸಂಘದವರು ಕೊಟ್ಟಾಗ ಒಪ್ಪಿಕೊಂಡುಬಿಟ್ಟೆ. ಆಮೇಲೆ ಯೋಚನೆಯಾಯಿತು. ಹತ್ತು ದೇಶಗಳ ಹೆಸರು ಹೇಳಿದರೆ ನಿಮ್ಮನ್ನು ವಿಮಾನದ ಕಿಟಕಿಯ ಪಕ್ಕ ಕೂರಿಸಿದ ಹಾಗಾಗುತ್ತದೆ ಅಷ್ಟೆ. ಆದ್ದರಿಂದ ಇವತ್ತು ಒಂದೇ ದೇಶ. ಅದು ಇಥಿಯೋಪಿಯ.

ಅಲ್ಲಿಗೆ ಹೊರಡುವ ಹಿಂದಿನ ದಿನ ಮನೆಯಲ್ಲಿ ನನ್ನ ಪೆಟ್ಟಿಗೆಗೆ ಮೂರು ಪೊಟ್ಟಣ ಸೇರಿದವು: ರಾಗಿ ಹುರಿಹಿಟ್ಟು, ಗುರೆಳ್ಳು ಚಟ್ನಿಪುಡಿ, ಕಾಫಿಪುಡಿ. ‘ಅಲ್ಲೇನು ಸಿಗುತ್ತದೋ ಏನೋ, ಇರಲಿ’ ಎಂಬ ಮಾತೂ ಜೊತೆಗಿತ್ತು. ನಿಮ್ಮಲ್ಲಿ ಹೊರದೇಶ ನೋಡಿ ಬಂದವರಿಗೆ ಈ ‘ಇರಲಿ’ಯ ತೂಕ ಎಷ್ಟು ಕಿಲೋ ಎಂದು ಗೊತ್ತು.

ಅಡಿಸ್ ಅಬಾಬಕ್ಕೆ ಹೋಗಿ ನಾಲ್ಕು ದಿನವಾಗಿರಬೇಕು. ಸಂತೆಯಲ್ಲಿ ಸಾಲಾಗಿ ಇಟ್ಟಿದ್ದ ಧಾನ್ಯದ ಚೀಲಗಳ ಮುಂದೆ ನಿಂತೆ. ಒಂದರಲ್ಲಿ ಕೆಂಪು ರಾಗಿ! ಅಲ್ಲಿ ಅದರ ಹೆಸರು ದಗುಸ. ಇನ್ನೊಂದರಲ್ಲಿ ಕರ್ರಗೆ ಮಿನುಗುವ ಹುಚ್ಚೆಳ್ಳು, ಅಂದರೆ ಗುರೆಳ್ಳು. ಅದಕ್ಕೆ ನುಗ್ ಎನ್ನುತ್ತಾರೆ. ಪಕ್ಕದಲ್ಲೇ ಹಸಿ ಕಾಫಿ ಬೀಜ, ಅವರ ಬಾಯಲ್ಲಿ ಬುನ. ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಮೊದಲು ಬೇಸಾಯಕ್ಕೆ ಒಗ್ಗಿದ ರಾಗಿ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮಲ್ಲಿಗೆ ಬಂದಿದೆ. ನಮ್ಮ ರೈತರು ರಾಗಿ ಹೊಲದಲ್ಲಿ ಸಾಲು ಹಾಕುವ ಹುಚ್ಚೆಳ್ಳಿನ ತವರೂ ಇಥಿಯೋಪಿಯವೇ. ಸಸ್ಯಶಾಸ್ತ್ರದವರು ಅದಕ್ಕಿಟ್ಟ ಹೆಸರಿನಲ್ಲೇ ಆ ದೇಶದ ಹಳೆಯ ಹೆಸರು ಅಬಿಸಿನಿಯದಿಂದ ಬಂದ ‘ಅಬಿಸಿನಿಕ’ ಇದೆ. ಕಾಫಿಯ ಕಥೆಯಂತೂ ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಪ್ರತೀತಿ. ಆದರೆ ಯೆಮೆನ್‌ಗೆ ಅದು ಬಂದದ್ದು ಕೆಂಪು ಸಮುದ್ರದ ಆಚೆ ದಡದಿಂದ, ಇಥಿಯೋಪಿಯದ ಕಾಡುಗಳಿಂದ. ನೈಋತ್ಯದ ಕಾಫ ಸೀಮೆಯ ಕಾಡಿನಲ್ಲಿ ಅರೇಬಿಕ ಇಂದಿಗೂ ತಾನೇ ತಾನಾಗಿ ಬೆಳೆಯುತ್ತದೆ.

ಅಂದರೆ, ‘ಅಲ್ಲೇನು ಸಿಗುತ್ತದೋ’ ಎಂದು ನಾನು ಹೊತ್ತೊಯ್ದ ಮೂರೂ ಪೊಟ್ಟಣ ತವರುಮನೆಗೆ ಹೋಗಿದ್ದವು. ಬೀಗರ ಮನೆಗೆ ಹೋಗುತ್ತಿದ್ದೇನೆ ಎಂಬುದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಇದು ತಿಳಿದ ಮೇಲೆ ನಾನು ಮಾಡಿದ ಮೊದಲ ತಪ್ಪನ್ನೂ ಹೇಳಬೇಕು. ಎಲ್ಲದರಲ್ಲೂ ನಮ್ಮದನ್ನೇ ಹುಡುಕತೊಡಗಿದೆ. ಇಂಜೆರ ಕಂಡರೆ ‘ಓ, ದೋಸೆ’. ಕಡಲೆಹಿಟ್ಟಿನ ಶಿರೋ ಕಂಡರೆ ‘ಇದು ಜುಣಕ’. ಮಸಾಲೆ ಸೊಪ್ಪು ಹಾಕಿ ಕಾಯಿಸಿದ ಬೆಣ್ಣೆ ಕಂಡರೆ ‘ನಾವೂ ವೀಳ್ಯದೆಲೆ ಹಾಕುತ್ತೇವಲ್ಲ’. ಪರಿಚಯಕ್ಕೆ ಇದು ಒಳ್ಳೆಯ ದಾರಿ. ಅಲ್ಲೇ ನಿಂತರೆ ಮಾತ್ರ ನಾವು ಊರು ಬಿಟ್ಟೇ ಇರುವುದಿಲ್ಲ.

ಇಂಜೆರ ದೋಸೆಯಲ್ಲ. ಅದರ ಧಾನ್ಯ ತೆಫ್ ಗಸಗಸೆಯಷ್ಟು ಸಣ್ಣದು. ಹಿಟ್ಟನ್ನು ಕಲಸಿ ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಹಿಂದಿನ ಹಿಟ್ಟಿನ ಮೇಲೆ ತೇಲಿದ ಹಳದಿ ನೀರೇ ಹೊಸ ಹಿಟ್ಟಿಗೆ ಹೆಪ್ಪು, ಅದರ ಹೆಸರು ಎರ್ಶೋ. ಮಿತಾದ್ ಎಂಬ ಅಗಲವಾದ ಮಣ್ಣಿನ ಹೆಂಚಿನ ಮೇಲೆ ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆ ತುಂಬಾ ಕಣ್ಣು ಬಿಡಬೇಕು. ಅವರ ಭಾಷೆಯಲ್ಲೂ ಅವು ‘ಕಣ್ಣು’ಗಳೇ. ತಣ್ಣಗಾದ ಮೇಲೆ ಬಡಿಸುತ್ತಾರೆ. ಬಿಸಿ ಬಿಸಿ ಗರಿಗರಿ ಎಂದು ಕಾಯುವ ನಾಲಗೆಗೆ ಮೊದಲ ದಿನ ನಿರಾಸೆಯೇ. ಮೂರನೆಯ ದಿನ ಆ ಹುಳಿ ಹಿಡಿಸಿತು. ಅಡಿಗೆ ಹಾಸಿದ ಇಂಜೆರವೇ ತಟ್ಟೆ. ಮೇಲಿನ ಬೇಳೆ, ಸೊಪ್ಪು, ಮಾಂಸದ ರಸವೆಲ್ಲ ಇಳಿದ ಆ ತಳದ ತುಂಡೇ ಊಟದ ಸೊಗಸು ಎಂದು ಬಲ್ಲವರು ಅದಕ್ಕಾಗಿ ಕಾದಿರುತ್ತಾರೆ.

ಎರಡನೆಯ ತಪ್ಪು, ಗಡಿಯಾರದ್ದು. ತಾನ ಸರೋವರದ ನಡುಗಡ್ಡೆಗಳಲ್ಲಿ ಹಳೆಯ ಮಠಗಳಿವೆ. ಅಲ್ಲಿಗೆ ದೋಣಿ ‘ನಾಳೆ ಎರಡು ಗಂಟೆಗೆ’ ಎಂದರು. ನಾನು ಮಧ್ಯಾಹ್ನದ ಊಟ ಮುಗಿಸಿ ದಡಕ್ಕೆ ಹೋದರೆ ದೋಣಿ ಬೆಳಿಗ್ಗೆ ಎಂಟಕ್ಕೇ ಹೊರಟಾಗಿತ್ತು. ಅಲ್ಲಿ ದಿನದ ಎಣಿಕೆ ಶುರುವಾಗುವುದು ಬೆಳಕು ಹರಿದಾಗ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಸಿಟ್ಟು ಬಂತು. ಆಮೇಲೆ ನಾಚಿಕೆಯೂ ಆಯಿತು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗವನ್ನು ಗೋಡೆಗೆ ತೂಗುಹಾಕಿದ ಮನೆಯಲ್ಲಿ ಬೆಳೆದವನಿಗೆ ಇದು ವಿಚಿತ್ರವೆನಿಸಿತಲ್ಲ! ಅವರ ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನದ ಹನ್ನೆರಡು, ಕೊನೆಯಲ್ಲಿ ಐದೋ ಆರೋ ದಿನದ ಒಂದು ಪುಟ್ಟ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ನಮ್ಮ ಲೆಕ್ಕಕ್ಕಿಂತ ಏಳೆಂಟು ವರ್ಷ ಹಿಂದಿರುವುದರಿಂದ ಅವರು 2000ನೇ ಇಸವಿಯನ್ನು ಸ್ವಾಗತಿಸಿದ್ದು 2007ರ ಸೆಪ್ಟೆಂಬರಿನಲ್ಲಿ.

ಇನ್ನು ಸಸ್ಯಾಹಾರ. ‘ವೆಜಿಟೇರಿಯನ್’ ಎಂದು ಕೇಳಿದಷ್ಟು ದಿನ ನನಗೆ ಸಿಕ್ಕಿದ್ದು ಗೊಂದಲ, ಜೊತೆಗೆ ಮೊಟ್ಟೆ. ಒಬ್ಬ ಪರಿಚಾರಕ ಕನಿಕರದಿಂದ ‘ತ್ಸೋಮ್?’ ಎಂದು ಕೇಳಿದ. ಉಪವಾಸವೇ ಎಂದು ಅರ್ಥ. ತಲೆಯಾಡಿಸಿದೆ. ಬಂತು ನೋಡಿ, ಒಂದು ಇಂಜೆರದ ಮೇಲೆ ಆರು ಗುಡ್ಡೆ: ಮಸೂರು ಬೇಳೆ, ಬಟಾಣಿ ಬೇಳೆ, ಸೊಪ್ಪು, ಬೀಟ್‌ರೂಟು, ಕೋಸು, ಶಿರೋ. ಇಥಿಯೋಪಿಯದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮೊದಲಿನ 55 ದಿನ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೇರೆ ಉಪವಾಸಗಳೂ ಸೇರಿದರೆ ವರ್ಷದ ಸುಮಾರು ಅರ್ಧ ಹೀಗೇ ಕಳೆಯುತ್ತದೆ. ಆ ದಿನಗಳಲ್ಲಿ ಬೆಣ್ಣೆಯ ಜಾಗಕ್ಕೆ ಎಣ್ಣೆ ಬರುತ್ತದೆ. ಅದರಲ್ಲಿ ನಮ್ಮ ಹುಚ್ಚೆಳ್ಳಿನ ಎಣ್ಣೆಯೂ ಉಂಟು. ನನಗೆ ಬೇಕಾದದ್ದೆಲ್ಲ ಅಲ್ಲಿತ್ತು. ನಾನು ಕೇಳುತ್ತಿದ್ದ ಪದ ಮಾತ್ರ ಅಲ್ಲಿಯದಾಗಿರಲಿಲ್ಲ. ನಮ್ಮ ಪದ್ಧತಿಯ ಹೆಸರು ಹಿಡಿದು ಕೇಳಿದರೆ ನಾವು ಗಿರಾಕಿಗಳು. ಅವರ ಪದ್ಧತಿಯ ಹೆಸರು ಹಿಡಿದು ಕೇಳಿದ ದಿನ ಪಂಕ್ತಿಯಲ್ಲಿ ಒಂದು ಜಾಗ ಸಿಗುತ್ತದೆ.

ಪಂಕ್ತಿ ಎಂದೆ. ಅಲ್ಲಿಯೇ ನನ್ನ ನಿಜವಾದ ಪರೀಕ್ಷೆಯಾದದ್ದು.

ಒಬ್ಬ ಹಿರಿಯರು ಮನೆಗೆ ಊಟಕ್ಕೆ ಕರೆದರು. ಸಾಮ್ರಾಟ ಹೈಲೆ ಸೆಲಾಸಿಯ ಕಾಲದಿಂದ ಅಲ್ಲಿನ ಶಾಲೆಗಳಲ್ಲಿ ಬಹಳ ಮಂದಿ ಭಾರತೀಯರು ಪಾಠ ಹೇಳಿದ್ದಾರೆ. ಈ ಹಿರಿಯರಿಗೆ ಗಣಿತ ಕಲಿಸಿದವರೂ ಭಾರತದವರೇ. ‘ನಿಮ್ಮವರ ಕೈಯಲ್ಲಿ ಪೆಟ್ಟು ತಿಂದಿದ್ದೇನೆ, ಈಗ ನನ್ನ ಕೈಯಲ್ಲಿ ತುತ್ತು ತಿನ್ನಿ’ ಎಂದು ನಕ್ಕರು. ನಾನು ಮಾತಿನ ಚಮತ್ಕಾರ ಎಂದುಕೊಂಡೆ. ಅದು ಚಮತ್ಕಾರವಾಗಿರಲಿಲ್ಲ.

ಹೂಜಿಯಿಂದ ನೀರು ಹಾಕಿ ಎಲ್ಲರ ಕೈ ತೊಳೆಸಿದರು. ಒಂದೇ ದೊಡ್ಡ ತಟ್ಟೆಯ ಸುತ್ತ ಐದು ಜನ ಕೂತೆವು. ನಡುವೆ ಹಿರಿಯರು ಇಂಜೆರದ ಒಂದು ತುಂಡಿನಲ್ಲಿ ಬೇಳೆ ಸುತ್ತಿ, ದೊಡ್ಡದೊಂದು ತುತ್ತು ಮಾಡಿ, ನನ್ನ ಬಾಯಿಯ ಹತ್ತಿರ ಹಿಡಿದರು. ಇದರ ಹೆಸರು ಗುರ್ಶ. ಪ್ರೀತಿಗೆ, ಗೌರವಕ್ಕೆ, ಮುನಿಸು ಮರೆಯುವುದಕ್ಕೆ ಒಬ್ಬರು ಇನ್ನೊಬ್ಬರ ಬಾಯಿಗೆ ಇಡುವ ತುತ್ತು.

ನನಗೆ ಬಾಯಿ ತೆರೆಯಲಾಗಲಿಲ್ಲ. ಒಂದೆರಡು ಕ್ಷಣ ಇರಬಹುದು, ಅಷ್ಟೆ. ಆದರೆ ಆ ಕ್ಷಣದಲ್ಲಿ ನನ್ನ ಅಜ್ಜಿ, ಅವರ ಅಜ್ಜಿ, ಅಡುಗೆಮನೆಯ ಹೊಸ್ತಿಲು, ‘ಎಂಜಲು’ ಎಂಬ ಶಬ್ದ ಎಲ್ಲವೂ ಗಂಟಲಲ್ಲಿ ಅಡ್ಡ ನಿಂತವು. ಕೈತುತ್ತು ನಮಗೂ ಗೊತ್ತು. ಮಕ್ಕಳಿಗೆ ಕೊಡುತ್ತೇವೆ, ಮದುವೆಯ ದಿನ ದಂಪತಿಗೆ ಹೇಳಿ ಮಾಡಿಸುತ್ತೇವೆ. ಬೆಳೆದ ಗಂಡಸು ಇನ್ನೊಬ್ಬ ಗಂಡಸಿನ ಕೈಯಿಂದ, ಅದೂ ಒಂದು ಗಂಟೆಯ ಪರಿಚಯದಲ್ಲಿ? ತುತ್ತು ಕಾಯುತ್ತಿತ್ತು. ಬಾಯಿ ತೆರೆದೆ. ಬೆರ್ಬೆರೆ ಎಂಬ ಮಸಾಲೆಪುಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದದ್ದು ಒಳ್ಳೆಯದೇ ಆಯಿತು.

ಪರದೇಶದ ಊಟ ಸವಿಯುವುದು ನಾಲಗೆಯ ಧೈರ್ಯ ಎಂದು ಹೇಳುವವರಿದ್ದಾರೆ. ಹುಳ ತಿಂದೆ, ಹಾವು ತಿಂದೆ ಎಂದು ಎದೆ ತಟ್ಟಿಕೊಳ್ಳುತ್ತಾರೆ. ನನಗೆ ಅದು ಅಷ್ಟು ಕಷ್ಟದ್ದೆನಿಸಲಿಲ್ಲ. ಏನು ತಿಂದೆವು ಎಂಬುದಕ್ಕಿಂತ ಯಾರ ಕೈಯಿಂದ, ಯಾರ ಜೊತೆ ತಿಂದೆವು ಎಂಬುದೇ ನಮ್ಮ ಜಾಯಮಾನದವರಿಗೆ ಕಷ್ಟ. ಹೊರದೇಶಕ್ಕೆ ಹೋಗುವಾಗ ಚಟ್ನಿಪುಡಿ ಒಯ್ಯಿರಿ, ತಪ್ಪಿಲ್ಲ. ಬಿಟ್ಟುಹೋಗಬೇಕಾದದ್ದು ಬೇರೆಯೇ ಇದೆ.

ಊಟವಾದ ಮೇಲೆ ಕಾಫಿ. ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಮನೆಯ ಸೊಸೆ ಹಸಿ ಬೀಜ ತೊಳೆದು ಹುರಿಯಲು ಕೂತರು. ಹೊಗೆಯೇಳುವ ಬಾಣಲೆಯನ್ನು ಒಬ್ಬೊಬ್ಬರ ಮುಂದೂ ತಂದರು. ಕೈಯಿಂದ ಹೊಗೆಯನ್ನು ಮುಖಕ್ಕೆ ಎಳೆದುಕೊಳ್ಳಬೇಕು, ನಾವು ಮಂಗಳಾರತಿ ತೆಗೆದುಕೊಂಡ ಹಾಗೆ. ಆಮೇಲೆ ಕುಟ್ಟಿ, ಜೆಬೆನ ಎಂಬ ಉದ್ದ ಕೊರಳಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಸಣ್ಣ ಬಟ್ಟಲುಗಳಿಗೆ ಎತ್ತರದಿಂದ ಸುರಿದರು. ಅದೇ ಪುಡಿಗೆ ನೀರು ಸೇರಿಸುತ್ತಾ ಮೂರು ಸುತ್ತು. ಮೊದಲನೆಯದು ಅಬೋಲ್, ಎರಡನೆಯದು ತೋನ, ಮೂರನೆಯದು ಬರಕ, ಅಂದರೆ ಆಶೀರ್ವಾದ. ಮೂರನೆಯದು ತೆಳ್ಳಗಿರುತ್ತದೆ. ರುಚಿಗಾಗಿ ಅದನ್ನು ಯಾರೂ ಕುಡಿಯುವುದಿಲ್ಲ. ಅದನ್ನು ಬಿಟ್ಟು ಏಳುವವರೂ ಇಲ್ಲ. ಇದಕ್ಕೆಲ್ಲ ಒಂದು ಗಂಟೆಗೂ ಮೇಲೆ ಬೇಕು. ಆ ಹೊತ್ತಿನಲ್ಲಿ ನೆರೆಯವರು ಬಂದರು, ಹುರಿದ ಜವೆ ಬಂತು, ಊರಿನ ಸುದ್ದಿಯೆಲ್ಲ ಬಂತು. ಇಷ್ಟೂ ಹೊತ್ತು ಕೆಂಡದ ಮುಂದೆ ಕೂತಿದ್ದವರು ಒಬ್ಬ ಹೆಣ್ಣುಮಗಳು ಎಂಬುದನ್ನೂ ಗಮನಿಸಿದೆ. ಆತಿಥ್ಯದ ಬೆಲೆಯನ್ನು ಯಾರು ತೆರುತ್ತಾರೆ ಎಂಬ ವಿಷಯದಲ್ಲಿ ಎರಡು ದೇಶಗಳೂ ಒಂದೇ.

ಇಥಿಯೋಪಿಯ ತಾನು ಬೆಳೆದ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಾನೇ ಕುಡಿಯುತ್ತದೆ. ಭಾರತದ ಕಾಫಿಯಲ್ಲಿ ಮುಕ್ಕಾಲಿಗೆ ಹತ್ತಿರ ಕರ್ನಾಟಕದ್ದೇ. ಆದರೆ ದೇಶದ ಬೆಳೆಯ ದೊಡ್ಡ ಪಾಲು ಹಡಗು ಹತ್ತುತ್ತದೆ. ನಮಗೆ ಬಂದದ್ದು ಬೀಜ. ಮೂರನೆಯ ಬಟ್ಟಲು ಬರಲಿಲ್ಲ. ರಾಗಿ ಬಂತು, ಹುಚ್ಚೆಳ್ಳು ಬಂತು, ಗುರ್ಶ ಬರಲಿಲ್ಲ. ಕಾಳುಕಡ್ಡಿ ಯಾರ ಚೀಲದಲ್ಲಾದರೂ ಕಡಲು ದಾಟುತ್ತದೆ, ನಡವಳಿಕೆಗೆ ಮನುಷ್ಯರೇ ಬೇಕು. ಮನುಷ್ಯರೂ ಬಂದಿದ್ದರು, ನಿಜ. ‘ಹಬಶಿ’ ಎಂಬ ಮಾತು ಆ ನಾಡಿನ ಹಳೆಯ ಹೆಸರಿನಿಂದಲೇ ಬಂದದ್ದು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್‌ನಂಥ ಹಬಶಿ ಮಂತ್ರಿಗಳಿದ್ದರು. ಪೂರ್ವ ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ, ನಮ್ಮ ಸಿದ್ದಿಯರು, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡಿಕೊಂಡು ಬಾಳುತ್ತಿದ್ದಾರೆ. ಅವರ ಜೊತೆ ಒಂದೇ ತಟ್ಟೆಯ ಸುತ್ತ ನಾವು ಎಂದು ಕೂತಿದ್ದೇವೆ?

ಕೊನೆಯದಾಗಿ ಒಂದು ಮಾತು. ಈ ವಿಷಯವನ್ನು ಕೇಳಲು ಬಂದವರಲ್ಲಿ ಎಲ್ಲರಿಗೂ ವಿದೇಶ ಪ್ರವಾಸದ ಯೋಗವಿರುತ್ತದೆ ಎಂದೇನೂ ಇಲ್ಲ. ಅದು ಬೇಕಾಗಿಯೂ ಇಲ್ಲ. ಆಫ್ರಿಕದ ಹಲವು ದೇಶಗಳಿಂದ ಓದಲು ಬಂದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿದ್ದಾರೆ, ಮೈಸೂರಿನಲ್ಲಿದ್ದಾರೆ. ನಾವು ಕೂತಿರುವ ಈ ಊರು ಅವರಿಗೆ ಪರದೇಶ. ಬಾಡಿಗೆ ಮನೆ ಹುಡುಕುವಾಗ ಅವರಿಗೆ ನಮ್ಮ ಬಾಗಿಲುಗಳ ಪರಿಚಯ ಚೆನ್ನಾಗಿ ಆಗಿರುತ್ತದೆ, ಹೊರಗಿನಿಂದ. ವರ್ಷಗಟ್ಟಲೆ ಇಲ್ಲಿದ್ದು ಹೋದ ಆ ಮಕ್ಕಳು ಊರಿಗೆ ಮರಳಿ ‘ಅಲ್ಲಿನವರ ಮನೆಯ ಊಟ ಹೇಗಿತ್ತು’ ಎಂಬ ಪ್ರಶ್ನೆಗೆ ಏನು ಹೇಳುತ್ತಾರೋ, ನಮ್ಮ ಸಂಸ್ಕೃತಿಯ ಬಗ್ಗೆ ಅದೇ ಸಾಕ್ಷಿ. ಈ ತಿಂಗಳು ಅಂಥ ಒಬ್ಬರನ್ನು ಮನೆಗೆ ಕರೆಯಿರಿ. ರಾಗಿ ಮುದ್ದೆ ಮಾಡಿ, ಹುಚ್ಚೆಳ್ಳು ಚಟ್ನಿ ಬಡಿಸಿ, ಕಾಫಿ ಕೊಡಿ. ಒಂದು ಲೋಟ ಕೊಟ್ಟು ಗಡಿಯಾರ ನೋಡಬೇಡಿ.