ಪಾಟಿಚೀಲದ ಭಾರ, ಮಕ್ಕಳ ಬೆನ್ನು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಗಿಣಿಗೇರಾದಲ್ಲಿ ಕಾರ್ಖಾನೆಗೆ ಬರುವ ಲಾರಿಗೂ ಕಾಟಾ ಇದೆ, ಮಾರಲು ಒಯ್ಯುವ ಜೋಳಕ್ಕೂ ಕಾಟಾ ಇದೆ. ಮಕ್ಕಳ ಪಾಟಿಚೀಲ ಯಾರಾದರೂ ತೂಗಿ ನೋಡಿದ್ದೀರೇನ್ರಿ?

ಇದು ಹಳೆಯ ಪ್ರಶ್ನೆ. ಮೈಸೂರಿನ ಲೇಖಕ ಆರ್. ಕೆ. ನಾರಾಯಣ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಈ ಮಾತು ಎತ್ತಿದರು. 1993ರಲ್ಲಿ ಯಶಪಾಲ್ ಸಮಿತಿ ವರದಿ ಕೊಟ್ಟಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಮಿತಿ ಹಾಕಿತು: ಎರಡನೇ ತರಗತಿಯವರೆಗೆ ಹೆಚ್ಚೆಂದರೆ 2 ಕಿಲೋ, ಐದರವರೆಗೆ 3, ಎಂಟರವರೆಗೆ 4, ಹತ್ತರವರೆಗೆ 5.

ಚೀಲದಿಂದ ಗೂನು ಬರುತ್ತದೆಂದು ಹೆದರಿಸಲು ನಾನು ನಿಂತಿಲ್ಲ. ಆದರೆ ಭಾರ ಹೆಚ್ಚಾದರೆ ಮಗು ಮುಂದಕ್ಕೆ ಬಾಗಿ ನಡೀತದ. ಕುತ್ತಿಗೆ, ಹೆಗಲು, ನಡ ನೋಯುತ್ತವೆ. ಚೀಲವನ್ನು ಎರಡೂ ಹೆಗಲಿಗೆ ಹಾಕಿಸಿರಿ. ದಪ್ಪ ಪುಸ್ತಕ ಬೆನ್ನಿಗೆ ಹತ್ತಿ ಇರಲಿ. ಚೀಲ ನಡದ ಕೆಳಗೆ ಜೋತು ಬೀಳಬಾರದು. ನೆಲದ ಮೇಲೆ ಬಗ್ಗಿ ಬರೆಯುವವರಿಗೆ ಒಂದು ಗಿಡ್ಡ ಮೇಜು ಮಾಡಿಸಿ ಕೊಡಿರಿ. ಅರ್ಧ ತಾಸಿಗೊಮ್ಮೆ ಎಬ್ಬಿಸಿ ಅಡ್ಡಾಡಿಸಿರಿ. ಆಟಕ್ಕೆ ಬಿಡಿರಿ, ಬೆನ್ನಿಗೆ ಬಲ ಬರುವುದು ಅಲ್ಲಿಯೇ. ಬೆನ್ನು ನೋವು ಅಂದರೆ ‘ಸಾಲಿ ತಪ್ಪಿಸೋ ನೆವ’ ಅನ್ನಬ್ಯಾಡ್ರಿ. ವಾರವಾದರೂ ಹೋಗದಿದ್ದರೆ, ರಾತ್ರಿ ನಿದ್ದೆಗೆಡಿಸಿದರೆ, ವೈದ್ಯರಿಗೆ ತೋರಿಸಿರಿ.

ಸಂಘಕ್ಕೆ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ ನಮ್ಮ ಕಾಟಾ ಸಾಲಿ ಅಂಗಳಕ್ಕೆ ಹೋಗಲಿ. ಚೀಲ ತೂಗಿ, ಹೆಚ್ಚಾದದ್ದನ್ನು ಗುರುಗಳು, ಪಾಲಕರು ಕೂಡಿ ಇಳಿಸಲಿ. ಬೇಡಾದ ಪುಸ್ತಕ ಇಡಲು ಸಾಲಿಗೊಂದು ಕಪಾಟು ಕೊಡಿಸೋಣ. ಒಬ್ಬರ ಭಾರಕ್ಕೆ ಹತ್ತು ಮಂದಿ ಹೆಗಲು ಕೊಡುವುದೇ ಸಹಕಾರ.